ಅವ್ವನಿಗೆ ಬರೀ ಸಹಿ ಕಲಿಸಬೇಡಿ

ನಮ್ಮ ಕಡೆ ‘ಹೆಬ್ಬೆಟ್ಟು’ ಅಂದರೆ ಬೈಗುಳ. ಅದಕ್ಕೇ ಇರಬೇಕು, ಕೇಸಿಗಾಗಿ ತಾಯಿಯನ್ನು ಕರೆತರುವ ಮಗ ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿಬಿಡುತ್ತಾನೆ: ‘ನಮ್ಮವ್ವ ಸಹಿ ಮಾಡ್ತಾಳ್ರೀ ಸರ.’ ನಾನು ವಕಾಲತ್ತಿಗೆ ಸ್ಟ್ಯಾಂಪ್ ಪ್ಯಾಡ್ ತೆಗೆದರೆ ಅವನ ಮುಖ ಸಣ್ಣದಾಗುತ್ತದೆ. ‘ಓದ್ತಾರೇನು?’ ಅಂತ ಕೇಳಿದರೆ, ‘ಓದೂದು ಬರಂಗಿಲ್ರೀ, ಸಹಿ ಅಷ್ಟ ಕಲಿಸೇವಿ.’

ತಾಲ್ಲೂಕು ಕೋರ್ಟಿನಲ್ಲಿ ಸಿವಿಲ್ ವಕೀಲಿಕೆ ಮಾಡುವ ನನಗೆ ಈ ‘ಅಷ್ಟ’ ಕಂಡರೆ ಸಿಟ್ಟು. ಮಕ್ಕಳ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಓದು ಕಲಿಸದೆ ಸಹಿ ಕಲಿಸಿದರೆ, ಅವ್ವನ ಕೈಯಲ್ಲಿದ್ದ ಒಂದು ರಕ್ಷಣೆಯನ್ನು ನಾವೇ ಕಿತ್ತುಕೊಂಡಂತೆ ಆಗಬಹುದು.

ಹೇಗೆ ಅಂತ ಹೇಳುತ್ತೇನೆ. ಒಂದು ಪತ್ರದ ಕೆಳಗೆ ಸಹಿ ಇದ್ದರೆ, ಸಹಿ ಮಾಡಿದವರು ಅದನ್ನು ಓದಿ, ತಿಳಿದು, ಒಪ್ಪಿದ್ದಾರೆ ಅಂತಲೇ ಕೋರ್ಟು ಮೊದಲು ಅಂದುಕೊಳ್ಳುತ್ತದೆ. ಓದಲಿಲ್ಲ ಅನ್ನುವವರು ಅದನ್ನು ಸಾಬೀತು ಮಾಡಬೇಕು. ಓದು ಬರಹ ಬಾರದವರ ಹೆಬ್ಬೆಟ್ಟು ಇದ್ದರೆ ಮಾತು ಬೇರೆ. ಪತ್ರದಿಂದ ಲಾಭ ಪಡೆದವರೇ ಬಂದು, ‘ಇವರಿಗೆ ಪೂರ್ತಿ ಓದಿ ಹೇಳಿದ್ದೆವು, ತಿಳಿದೇ ಒತ್ತಿದ್ದಾರೆ’ ಅಂತ ತೋರಿಸಬೇಕು ಅನ್ನುವುದು ಕೋರ್ಟುಗಳು ಬಹಳ ಕಾಲದಿಂದ ಹೇಳಿಕೊಂಡು ಬಂದಿರುವ ಮಾತು. ಅಂದರೆ ಹೆಬ್ಬೆಟ್ಟಾದರೆ ಭಾರ ಎದುರಿನವರ ತಲೆಯ ಮೇಲೆ, ಸಹಿಯಾದರೆ ಅವ್ವನ ತಲೆಯ ಮೇಲೆ. ಇಬ್ಬರು ಹೆಣ್ಣುಮಕ್ಕಳು, ಇಬ್ಬರಿಗೂ ಒಂದಕ್ಷರ ಓದಲು ಬಾರದು, ಇಬ್ಬರಿಗೂ ಆಗಿದ್ದು ಒಂದೇ ಮೋಸ. ಕೋರ್ಟಿಗೆ ಬಂದಾಗ ಇಬ್ಬರೂ ಒಂದೇ ಜಾಗದಲ್ಲಿ ನಿಂತಿರುವುದಿಲ್ಲ.

ಪ್ರತಿ ಕೇಸಿನ ಸಂಗತಿ ಬೇರೆ ಇರುತ್ತದೆ, ಇದನ್ನೇ ಓದಿ ದಾವೆ ಹೂಡಲು ಹೋಗಬೇಡಿ. ಸಹಿ ಮಾಡಿದರೂ ಓದಲು ಬಾರದು ಅಂತ ಸಾಬೀತು ಮಾಡಿ ಗೆದ್ದವರೂ ಇದ್ದಾರೆ. ಹಾದಿ ಕಷ್ಟದ್ದು ಅಂತಷ್ಟೇ ನಾನು ಹೇಳುತ್ತಿರುವುದು.

ಎಷ್ಟು ಕಷ್ಟ ಅನ್ನುವುದು ಕಟಕಟೆಯಲ್ಲಿ ಗೊತ್ತಾಗುತ್ತದೆ. ಅಣ್ಣಂದಿರ ಮೇಲೆ ಪಾಲಿಗೆ ದಾವೆ ಹಾಕಿದ್ದ ಒಬ್ಬ ಹಿರಿಯ ಹೆಣ್ಣುಮಗಳು. ಸೊಸೈಟಿ ಸಾಲಕ್ಕೆ ಬೇಕು ಅಂತ ಹೇಳಿ ಅಣ್ಣಂದಿರು ಆಕೆಯ ಕೈಯಲ್ಲಿ ಹಕ್ಕು ಬಿಡುಗಡೆ ಪತ್ರ ಮಾಡಿಸಿಕೊಂಡಿದ್ದರು. ಎದುರಿನ ವಕೀಲರ ಪಾಟೀ ಸವಾಲು ಶುರುವಾಯಿತು.

‘ಈ ಸಹಿ ನಿಮ್ಮದ?’

‘ನಂದ ಐತ್ರಿ.’

‘ನೀವ ಬರದೀರಿ?’

‘ಹೂಂರೀ, ನಾನ ಬರದೀನಿ.’

‘ಅಂದ್ರ ನಿಮಗ ಕನ್ನಡ ಓದಾಕ ಬರಿಯಾಕ ಬರ್ತದ.’

ಆಕೆ ಒಮ್ಮೆ ಹಿಂದೆ ನೋಡಿದರು. ಕೊನೆಯ ಬೆಂಚಿನಲ್ಲಿ ಕಾಲೇಜಿಗೆ ಹೋಗುವ ಮೊಮ್ಮಗಳು ಕೂತಿದ್ದಳು. ‘ಬರ್ತದ್ರೀ’ ಅಂದುಬಿಟ್ಟರು. ‘ನನಗೆ ಕನ್ನಡ ಓದಲು ಬರೆಯಲು ಬರುತ್ತದೆ ಎಂದರೆ ಸರಿ’ ಅಂತ ಟೈಪ್ ಆಯಿತು. ಆ ಒಂದು ಸಾಲನ್ನು ಸಡಿಲ ಮಾಡಲು ಆಮೇಲೆ ನಾವು ಪಟ್ಟ ಪಾಡು ಇಲ್ಲಿ ಬೇಡ.

ಆಕೆಗೆ ನಿಜಕ್ಕೂ ಏನು ಬರುತ್ತಿತ್ತು? ಒಮ್ಮೆ ಆಫೀಸಿನಲ್ಲಿ ಸುಮ್ನೆ ನೋಡಿದ್ದೆ. ತಮ್ಮ ಹೆಸರನ್ನು ರಂಗೋಲಿ ಎಳೆಯುವ ಹಾಗೆ ಎಳೆಯುತ್ತಿದ್ದರು. ಎಲ್ಲಿ ಕೈ ಎತ್ತಬೇಕು, ಎಲ್ಲಿ ಸುತ್ತಬೇಕು ಅನ್ನುವುದು ಬೆರಳಿಗೆ ಗೊತ್ತು. ಆದರೆ ಅವರ ಹೆಸರಿನಲ್ಲೇ ಇರುವ ‘ಮ’ವನ್ನು ಕ್ಯಾಲೆಂಡರಿನ ಮೇಲಿದ್ದ ‘ಮಂಗಳವಾರ’ದಲ್ಲಿ ತೋರಿಸಿ ಇದೇನು ಅಂದರೆ, ಗೊತ್ತಿಲ್ಲ.

ಜನಗಣತಿಯ ಲೆಕ್ಕದಲ್ಲಿ ಕೂಡ ಇದು ಸಾಕ್ಷರತೆ ಅಲ್ಲ. ಏಳು ವರ್ಷ ದಾಟಿದವರು ಯಾವುದಾದರೂ ಒಂದು ಭಾಷೆಯಲ್ಲಿ ಅರ್ಥ ಮಾಡಿಕೊಂಡು ಓದಲೂ ಬರೆಯಲೂ ಬಲ್ಲವರಾದರೆ ಮಾತ್ರ ಸಾಕ್ಷರರು. ಆ ಲೆಕ್ಕದಂತೆ 2011ರಲ್ಲಿ ಕರ್ನಾಟಕದ ಸಾಕ್ಷರತೆ ಶೇ 75.36. ಗಂಡಸರಲ್ಲಿ ಶೇ 82.47, ಹೆಂಗಸರಲ್ಲಿ ಶೇ 68.08. ಯಾದಗಿರಿ ಜಿಲ್ಲೆಯಲ್ಲಿ ಒಟ್ಟಾರೆ ಶೇ 51.83. ಗಣತಿಗೆ ಬಂದವರು ಮನೆಯವರ ಮಾತನ್ನೇ ಬರೆದುಕೊಳ್ಳುತ್ತಾರೆ, ಓದಿಸಿ ನೋಡುವುದಿಲ್ಲ. ‘ಸಹಿ ಮಾಡ್ತಾಳ್ರೀ’ ಅಂದ ಮನೆಗಳನ್ನು ಯಾವ ಕಡೆ ಎಣಿಸಿದ್ದಾರೋ ಅಂತ ನನಗೆ ಅನುಮಾನ.

ಇವರು ಯಾಕೆ ಓದಲಿಲ್ಲ ಅನ್ನುವುದು ನಿಮಗೆ ಗೊತ್ತಿರುವುದೇ. ತಮ್ಮನನ್ನು ಎತ್ತಿಕೊಳ್ಳಬೇಕಿತ್ತು, ಹತ್ತಿ ಬಿಡಿಸಬೇಕಿತ್ತು, ಕಬ್ಬು ಕಡಿಯಲು ಹೊರಟ ಅಪ್ಪ ಅವ್ವನ ಜೊತೆ ಗಾಡಿ ಹತ್ತಬೇಕಿತ್ತು, ಮೈನೆರೆದ ಮೇಲೆ ಶಾಲೆ ಬಿಡಿಸಿದರು. ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದದ್ದು 2010ರಲ್ಲಿ. ಆ ಹೊತ್ತಿಗೆ ಇವರಿಗೆ ಮೊಮ್ಮಕ್ಕಳಾಗಿದ್ದವು.

ಪರಿಣಾಮ ನನ್ನ ಕಪಾಟಿನ ಫೈಲುಗಳಲ್ಲಿದೆ. ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಪಿತ್ರಾರ್ಜಿತ ಆಸ್ತಿಯಲ್ಲಿ ಹಕ್ಕು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲೇ ಬಂತು, ದೇಶಕ್ಕೆಲ್ಲ 2005ರಲ್ಲಿ. ಕಾಯ್ದೆ ಕೊಟ್ಟದ್ದನ್ನು ಪಂಚಮಿಗೆ ತವರಿಗೆ ಬಂದಾಗ ಒಂದು ಸಹಿಯಲ್ಲಿ ಬರೆಸಿಕೊಂಡು ಕಳಿಸುತ್ತಾರೆ. ಸಾಲದ್ದೂ ಇದೇ ಕಥೆ. ಮೈಕ್ರೋಫೈನಾನ್ಸ್ ಸಾಲದ ಕಾರ್ಡು ಸಾಲಗಾರರಿಗೆ ತಿಳಿಯುವ ಭಾಷೆಯಲ್ಲೇ ಇರಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಕಾರ್ಡು ಕನ್ನಡದಲ್ಲೇ ಇರುತ್ತದೆ. ಓದುವವರು ಬೇಕಲ್ವಾ?

ಇನ್ನೊಂದು ತಪ್ಪು ಕಲ್ಪನೆ: ಹೆಬ್ಬೆಟ್ಟು ಸಹಿಗಿಂತ ಕಡಿಮೆಯದು ಅನ್ನುವುದು. ಹೆಸರು ಬರೆಯಲು ಬಾರದವರ ಗುರುತೂ ಸಹಿಯೇ ಅಂತ 1897ರ ಜನರಲ್ ಕ್ಲಾಸಸ್ ಕಾಯ್ದೆಯೇ ಹೇಳುತ್ತದೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಡಾಕ್ಟರು, ಎಂಜಿನಿಯರು ಎಲ್ಲರೂ ಫೋಟೊ ಕೊಟ್ಟು ಬೆರಳೊತ್ತಿಯೇ ಬರುತ್ತಾರೆ. ಅಲ್ಲಿ ಯಾರಿಗೂ ನಾಚಿಕೆಯಾದದ್ದು ನಾನು ಕಂಡಿಲ್ಲ.

ಹಾಗಾದರೆ ಏನು ಮಾಡಬೇಕು? ಕಲಿಸಿ, ಆದರೆ ಓದಿನಿಂದ ಶುರು ಮಾಡಿ. 1988ರ ರಾಷ್ಟ್ರೀಯ ಸಾಕ್ಷರತಾ ಮಿಷನ್ನಿನಿಂದ 2022ರಲ್ಲಿ ಶುರುವಾದ ನವ ಭಾರತ ಸಾಕ್ಷರತಾ ಕಾರ್ಯಕ್ರಮದವರೆಗೆ ಯೋಜನೆಗಳಿಗೆ ಕೊರತೆ ಇಲ್ಲ. ಊರಲ್ಲಿ ತರಗತಿ ನಡೆಯುತ್ತಿದ್ದರೆ ಕಳಿಸಿ. ಆದರೆ ಅರವತ್ತರ ಅವ್ವನಿಗೆ ‘ಅರಸ, ಆಟ’ ಓದಿಸಿದರೆ ಎರಡನೇ ವಾರಕ್ಕೆ ಮೊಣಕಾಲು ನೋವು ಅನ್ನುತ್ತಾಳೆ. ಅವಳ ಹೊಲದ ಪಹಣಿಯನ್ನೇ ಮುಂದಿಡಿ. 9ನೇ ಕಾಲಂನಲ್ಲಿ ಯಾರ ಹೆಸರಿದೆ? 11ನೇ ಕಾಲಂನಲ್ಲಿ ಯಾವ ಬ್ಯಾಂಕಿನ ಸಾಲದ ಬೋಜಾ ಕೂತಿದೆ? ಎಷ್ಟು ಎಕರೆ, ಎಷ್ಟು ಗುಂಟೆ? ನನ್ನ ಕಕ್ಷಿದಾರರೊಬ್ಬರು ಮೊಮ್ಮಗನ ಜೊತೆ ಕೂತು ಹೀಗೇ ಕಲಿತರು. ಅವರು ಮೊದಲು ಸ್ವಂತವಾಗಿ ಓದಿದ ಪದ ‘ಖರಾಬು’, ಅಂದರೆ ಸಾಗುವಳಿಗೆ ಬಾರದ ಜಮೀನು. ‘ಇದನ್ಯಾಕ ನಮ್ಮ ಲೆಕ್ಕದಾಗ ಹಿಡದಾರ?’ ಅಂತ ನನ್ನನ್ನೇ ಜೋರು ಮಾಡಿದರು. ಅವರನ್ನು ಕಂಡರೆ ನನಗೆ ಭಾರಿ ಇಷ್ಟ. ನನ್ನ ಗುಮಾಸ್ತನಿಗೆ ಮಾತ್ರ ಭಯ.

ಓದು ಬರುವ ತನಕ ಹೆಬ್ಬೆಟ್ಟೇ ಇರಲಿ. ಹೆಸರು ಬರೆಯುವುದು ಈಗಾಗಲೇ ರೂಢಿಯಾಗಿದ್ದರೆ ನಾಳೆಯಿಂದ ತಟ್ಟನೆ ಹೆಬ್ಬೆಟ್ಟಿಗೆ ಬದಲಿಸಬೇಡಿ. ಬ್ಯಾಂಕಿನಲ್ಲಿ ತಕರಾರು ಬರುತ್ತದೆ, ಎದುರಿನ ವಕೀಲರಿಗೂ ಒಂದು ಪ್ರಶ್ನೆ ಸಿಗುತ್ತದೆ. ಅಂಥವರು ಪತ್ರದಲ್ಲೇ ‘ನನಗೆ ಹೆಸರು ಬರೆಯಲು ಮಾತ್ರ ಬರುತ್ತದೆ, ಇಂಥವರು ಓದಿ ಹೇಳಿದರು’ ಅಂತ ಬರೆಸಲಿ. ಓದಿದವರ ಸಹಿಯೂ ಕೆಳಗೆ ಇರಲಿ. ಆ ಓದುವವರು ಪತ್ರದಿಂದ ಲಾಭ ಆಗುವ ಮನುಷ್ಯನಂತೂ ಆಗಬಾರದು. ಅಣ್ಣನ ಹೆಸರಿಗೆ ಹೋಗುವ ಪತ್ರವನ್ನು ಅಣ್ಣನ ಮಗನೇ ಓದಿ ಹೇಳಿದ್ದು ನನ್ನ ಫೈಲುಗಳಲ್ಲಿ ಬೇಕಾದಷ್ಟಿದೆ.

ಮೋಸ ಆಗಿದೆ ಅಂತ ಗೊತ್ತಾದರೆ ದೀಪಾವಳಿ ಮುಗಿಯಲಿ, ಮದುವೆ ಮುಗಿಯಲಿ ಅಂತ ಕಾಯಬೇಡಿ. ಪತ್ರ ರದ್ದು ಮಾಡಿಸುವ ದಾವೆಗೆ ಸಾಮಾನ್ಯವಾಗಿ, ಸಂಗತಿ ಗೊತ್ತಾದ ದಿನದಿಂದ ಮೂರು ವರ್ಷ ಮಾತ್ರ. ಫೀಸಿನ ಚಿಂತೆ ಇದ್ದರೆ ಕೋರ್ಟಿನ ಆವರಣದಲ್ಲೇ ಇರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಹೆಣ್ಣುಮಕ್ಕಳಿಗೆ ಅಲ್ಲಿ ಆದಾಯ ಎಷ್ಟೇ ಇರಲಿ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಹೋಗುವಾಗ ಪತ್ರದ ಪ್ರತಿ, ಪಹಣಿ ಎರಡೂ ಒಯ್ಯಿರಿ. ಅಲ್ಲಿ ಯಾರಾದರೂ ಓದು ಬರುತ್ತದೆಯೇ ಅಂತ ಕೇಳಿದರೆ, ಅವ್ವನ ಪರವಾಗಿ ನೀವು ಉತ್ತರ ಕೊಡಬೇಡಿ.