ಗಾಡಿಯಲ್ಲಿ ಮಲಗಿದಾಗ ಹಿಂಬಾಗಿಲು ಒಳಗಿನಿಂದಲೇ ತೆಗೆಯೋದು ಹೇಗೆ?

ಪ್ರಶ್ನೆ: ಗಾಡಿಯ ಹಿಂದಿನ ಸೀಟು ಮಡಚಿ, ಹಲಗೆ ಹಾಕಿ ಹಾಸಿಗೆ ಮಾಡಿಕೊಂಡಿದ್ದೇವೆ. ಊರೂರು ತಿರುಗುವಾಗ ಮಕ್ಕಳ ಜೊತೆ ಅಲ್ಲೇ ಮಲಗುತ್ತೇವೆ. ಆದರೆ ಡಿಕ್ಕಿ ಡೋರ್ ಹೊರಗಿನಿಂದ ಮಾತ್ರ ತೆಗೆಯೋಕೆ ಬರುತ್ತದೆ. ಒಳಗೆ ಒಂದು ಸ್ವಿಚ್ ಹಾಕಿಸಬಹುದಾ? ಗಾಡಿಯ ವೈರಿಂಗ್‌ಗೆ ತೊಂದರೆ ಆಗುತ್ತಾ?

ಹಾಕಿಸಬಹುದು. ಸರಿಯಾಗಿ ಹಾಕಿದರೆ ವೈರಿಂಗ್‌ಗೂ ಏನೂ ಆಗುವುದಿಲ್ಲ. ಆದರೆ ಸ್ವಿಚ್ ಹಾಕಿಸೋ ಮೊದಲು ಆ ಲಾಕ್‌ಗೆ ಒಳಗಿನಿಂದ ಎಳೆದು ಬಿಡಿಸುವಂಥ ಒಂದು ದಾರ (ಸೈಕಲ್ ಬ್ರೇಕ್ ವೈರ್ ಆದರೂ ಸರಿ) ಕಟ್ಟಿಸಿ.

ಈ ಮಾತು ನನಗೆ ಆನೆಗೊಂದಿ ಹತ್ತಿರ ಗೊತ್ತಾಯಿತು. ಬೇಸಿಗೆಯಲ್ಲಿ ಬಳ್ಳಾರಿಯಿಂದ ಹೊರಟು, ಅಲ್ಲಿ ಗೆಳೆಯರ ಬಾಳೆ ತೋಟದಲ್ಲಿ ಗಾಡಿ ನಿಲ್ಲಿಸಿ ಮಲಗಿದ್ದೆವು. ನೆರಳು ಸಿಗಲಿ ಅಂತ ಒಂದು ಪಕ್ಕವನ್ನು ಬಂಡೆಗೆ ಹತ್ತಿಸಿ ನಿಲ್ಲಿಸಿದ್ದೆ, ಇನ್ನೊಂದು ಪಕ್ಕದ ಬಾಗಿಲಿಗೆ ಚೈಲ್ಡ್ ಲಾಕ್ ಹಾಕಿತ್ತು. ನಡುರಾತ್ರಿ ಮಗಳು ಎದ್ದು 'ಅಪ್ಪಾ, ಹೊಟ್ಟೆ ತೊಳಸ್ತೈತಿ' ಅಂದಳು. ಹಿಂಬಾಗಿಲು ಅವಳ ಕಾಲ ಬುಡದಲ್ಲೇ ಇತ್ತು, ತೆಗೆಯೋಕೆ ಮಾತ್ರ ಬರಲಿಲ್ಲ. ನಾನು ಮುಂದಿನ ಸೀಟಿನ ಮೇಲೆ ಹಾದು, ಡ್ರೈವರ್ ಬಾಗಿಲು ತೆಗೆದು, ಸುತ್ತಿಕೊಂಡು ಹಿಂದೆ ಹೋಗಿ ಬಾಗಿಲು ಎತ್ತುವಷ್ಟರಲ್ಲಿ ಅವಳು ಹಾಸಿಗೆ ಮೇಲೇ ವಾಂತಿ ಮಾಡಿಕೊಂಡಿದ್ದಳು. ಹಾಸಿಗೆ ತೊಳೆದರೆ ಆಯಿತು. ಆದರೆ ಅವತ್ತು ವೈರಿಂಗ್‌ನಲ್ಲಿ ಬೆಂಕಿ ಹತ್ತಿದ್ದರೆ? ಹಾಗಂತ ಬಾಗಿಲು ತೆರೆದಿಟ್ಟು ಮಲಗೋಣ ಅಂದರೆ, ಆನೆಗೊಂದಿ ಬೆಟ್ಟಗಳ ಸುತ್ತ ಚಿರತೆ ಓಡಾಡುತ್ತವೆ.

ಈಗ ಕೆಲಸದ ವಿಷಯ. ನಿಮ್ಮ ಗಾಡಿಯ ಹಿಂಬಾಗಿಲ ಲಾಕ್ ಯಾವ ತರದ್ದು ಅಂತ ಮೊದಲು ನೋಡಿ. ಹೊರಗಿನ ಹಿಡಿ ಎಳೆದಾಗ ಕೈಗೆ ಬಿಗಿ ಸಿಕ್ಕು 'ಟಕ್' ಅಂದರೆ ಅದು ಸಾದಾ ಮೆಕ್ಯಾನಿಕಲ್ ಲಾಕ್. ನಂಬರ್ ಪ್ಲೇಟ್ ಮೇಲೆ ರಬ್ಬರ್ ಬಟನ್ ಇದ್ದು, ಒತ್ತಿದಾಗ ಒಳಗೆ ಸಣ್ಣ ಮೋಟರ್ ತಿರುಗಿದ ಸದ್ದು ಬಂದರೆ ಅದು ಎಲೆಕ್ಟ್ರಿಕ್.

ಮೆಕ್ಯಾನಿಕಲ್ ಆದರೆ ನೀವು ಅದೃಷ್ಟವಂತರು. ಬಾಗಿಲ ಒಳಗಿನ ಪ್ಯಾನಲ್ ತೆಗೆಸಿ. ಹಿಡಿಯಿಂದ ಲಾಕ್‌ಗೆ ಒಂದು ಕಡ್ಡಿ ಹೋಗಿರುತ್ತದೆ. ಆ ಕಡ್ಡಿ ತಳ್ಳುವ ಲಿವರ್‌ಗೆ ಸೈಕಲ್ ಬ್ರೇಕ್ ವೈರ್ ಕಟ್ಟಿ, ಪ್ಯಾನಲ್‌ನಲ್ಲಿ ಸಣ್ಣ ತೂತು ಮಾಡಿ ಒಳಗೆ ತಂದು, ತುದಿಗೆ ಒಂದು ಹಿಡಿ ಹಾಕಿದರೆ ಮುಗಿಯಿತು. ವೈರನ್ನು ಅದರ ಕವಚದ ಸಮೇತ ಹಾಕಿ, ಬರೀ ತಂತಿ ತಗಡಿಗೆ ಉಜ್ಜಿ ಉಜ್ಜಿ ಎಳೆ ಎಳೆಯಾಗಿ ಬಿಡುತ್ತದೆ. ಇದಕ್ಕೆ ಬ್ಯಾಟರಿ ಬೇಡ, ಫ್ಯೂಜ್ ಬೇಡ. ಆದರೆ ಹೊರಗೆ ಕೀ ತಿರುಗಿಸಿ ಲಾಕ್ ಮಾಡಿದಾಗಲೂ ಲಿವರ್ ಕೆಲಸ ಮಾಡುತ್ತಾ ಅಂತ ಅಲ್ಲೇ ನೋಡಿಕೊಳ್ಳಿ. ಕೆಲವು ಗಾಡಿಗಳಲ್ಲಿ ಲಾಕ್ ಮಾಡಿದ ಮೇಲೆ ಕಡ್ಡಿ ಸುಮ್ನೆ ಆಡುತ್ತದೆ, ಕೊಂಡಿ ಬಿಡುವುದಿಲ್ಲ. ಆಗ ವೈರನ್ನು ನೇರವಾಗಿ ಕೊಂಡಿ ಬಿಡಿಸುವ ಲಿವರ್‌ಗೇ ಕಟ್ಟಬೇಕು.

ಎಲೆಕ್ಟ್ರಿಕ್ ಲಾಕ್ ಇದ್ದರೂ ಬಹಳ ಗಾಡಿಗಳಲ್ಲಿ ಒಳಗೆ ಕೈಯಿಂದ ಬಿಡಿಸುವ ಪುಟ್ಟ ಲಿವರ್ ಇರುತ್ತದೆ. ಪ್ಯಾನಲ್‌ನ ಕೆಳಗೆ ಸ್ಕ್ರೂಡ್ರೈವರ್ ಹಾಕಿ ಎಬ್ಬಿಸುವಂಥ ಮುಚ್ಚಳ ಇದೆಯಾ ನೋಡಿ, ಅದರ ಹಿಂದೆ ಸಿಗುತ್ತದೆ. ದಾರ ಕಟ್ಟೋದು ಅದಕ್ಕೇ. ಬ್ಯಾಟರಿ ಕೂತಾಗ ಸ್ವಿಚ್ ಎಷ್ಟು ಒತ್ತಿದರೂ ಪ್ರಯೋಜನ ಇಲ್ಲ, ದಾರ ಮಾತ್ರ ಕೈ ಬಿಡೋಲ್ಲ. ರಾತ್ರಿಯೆಲ್ಲ ಫ್ಯಾನ್ ಹಾಕಿ ಮಲಗುವ ನಮ್ಮ ಕಡೆಯವರ ಗಾಡಿಯಲ್ಲಿ ಬ್ಯಾಟರಿ ಕೂರೋದು ಅಪರೂಪವೇನಲ್ಲ ಅಲ್ವಾ?

ದಾರ ಆದಮೇಲೆ ಸ್ವಿಚ್. ಈಗಿನ ಹೆಚ್ಚಿನ ಗಾಡಿಗಳಲ್ಲಿ ಹೊರಗಿನ ರಬ್ಬರ್ ಬಟನ್ ಮೋಟರ್‌ಗೆ ನೇರವಾಗಿ ಕರೆಂಟ್ ಕೊಡುವುದಿಲ್ಲ. ಅದು ಗಾಡಿಯ ಕಂಟ್ರೋಲ್ ಮಾಡ್ಯೂಲ್‌ಗೆ (ಲಾಕ್, ಲೈಟು ಎಲ್ಲ ನೋಡಿಕೊಳ್ಳುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಸಿಗ್ನಲ್ ಕೊಡುತ್ತದೆ, ಮಾಡ್ಯೂಲ್ ಒಂದು ಕ್ಷಣ ಮೋಟರ್ ತಿರುಗಿಸುತ್ತದೆ. ಹಾಗಾಗಿ ಸುಲಭದ ದಾರಿ ಅಂದರೆ ಆ ಬಟನ್‌ನ ಎರಡು ವೈರಿಗೆ ಇನ್ನೊಂದು ಪುಶ್ ಬಟನ್ ಜೋಡಿಸಿ ಒಳಗೆ ತರೋದು. ಗಾಡಿಯ ಮೂಲ ವೈರಿಂಗ್ ಕತ್ತರಿಸಬೇಕಿಲ್ಲ, ಓಡುವಾಗ ತೆಗೆಯದಂತೆ ಕಂಪನಿಯವರು ಏನಾದರೂ ತಡೆ ಇಟ್ಟಿದ್ದರೆ ಅದೂ ಹಾಗೇ ಉಳಿಯುತ್ತದೆ. ಒಂದೇ ತೊಂದರೆ ಏನಂದರೆ, ಗಾಡಿ ಲಾಕ್ ಆಗಿದ್ದರೆ ಸಾಮಾನ್ಯವಾಗಿ ಮಾಡ್ಯೂಲ್ ಆ ಬಟನ್ ಮಾತು ಕೇಳುವುದಿಲ್ಲ. ಮಲಗುವವರು ಲಾಕ್ ಮಾಡಿಕೊಂಡೇ ಮಲಗುತ್ತಾರೆ. ಮೊದಲು ಸೆಂಟ್ರಲ್ ಲಾಕ್ ಬಿಡಿಸಿ, ಆಮೇಲೆ ಬಟನ್ ಒತ್ತಬೇಕು. ಲಾಕ್ ಬಿಡಿಸುವ ಬಟನ್ ಸಾಮಾನ್ಯವಾಗಿ ಇರೋದು ಡ್ರೈವರ್ ಬಾಗಿಲಲ್ಲಿ. ಕೀ ರಿಮೋಟನ್ನು ತಲೆದಿಂಬಿನ ಪಕ್ಕ ಒಂದು ಜಾಗ ಮಾಡಿ ಇಟ್ಟುಕೊಂಡರೆ ಇಷ್ಟೇ ಸಾಕು.

ಲಾಕ್ ಆಗಿದ್ದರೂ ತೆಗೆಯಲೇಬೇಕು ಅನ್ನುವವರು ಐದು ಪಿನ್ನಿನ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟಿನ ದಾರಿ ಬದಲಿಸುವ ಸ್ವಿಚ್) ಹಾಕಿಸುತ್ತಾರೆ. ಮೋಟರ್‌ಗೆ ಹೋಗುವ ಪಾಸಿಟಿವ್ ವೈರ್ ಕತ್ತರಿಸಿ, ಮೋಟರ್ ಕಡೆಯದನ್ನು ರಿಲೇಯ 30ನೇ ನಂಬರ್ ಪಿನ್ನಿಗೆ, ಮಾಡ್ಯೂಲ್ ಕಡೆಯದನ್ನು 87ಎಗೆ, ಫ್ಯೂಜ್ ಹಾಕಿದ ಬ್ಯಾಟರಿ ಲೈನನ್ನು 87ಕ್ಕೆ ಕೊಡಬೇಕು. 85 ಮತ್ತು 86 ರಿಲೇಯ ಕಾಯಿಲ್, ಅದರಲ್ಲಿ ಒಂದಕ್ಕೆ ಕರೆಂಟು, ಇನ್ನೊಂದು ನಿಮ್ಮ ಪುಶ್ ಬಟನ್ ಮೂಲಕ ಬಾಡಿ ಅರ್ಥ್‌ಗೆ, ಅಂದರೆ ಗಾಡಿಯ ತಗಡಿನ ಮೈಗೆ. ಹೀಗೆ ಮಾಡಿದರೆ ಬ್ಯಾಟರಿ ಕರೆಂಟು ವಾಪಸ್ ಮಾಡ್ಯೂಲ್ ಒಳಗೆ ನುಗ್ಗುವುದಿಲ್ಲ. ವೈರಿಂಗ್ ಕೆಡುತ್ತಾ ಅಂತ ಕೇಳಿದ್ದೀರಲ್ಲ, ಕೆಡೋದು ಇಲ್ಲೇ. ರಿಲೇ ಇಲ್ಲದೆ ಬ್ಯಾಟರಿಯಿಂದ ಒಂದು ವೈರ್ ತಂದು ಮೋಟರ್‌ಗೆ ಮುಟ್ಟಿಸಿದರೆ ಮಾಡ್ಯೂಲ್ ಸುಟ್ಟುಹೋಗಬಹುದು, ಅದರ ಬೆಲೆ ಸಣ್ಣದಲ್ಲ. ಇದೂ ಮೋಟರ್‌ನ ಇನ್ನೊಂದು ವೈರ್ ಖಾಯಂ ಅರ್ಥ್‌ಗೆ ಹೋಗಿದ್ದರೆ ಮಾತ್ರ. ಎರಡು ವೈರೂ ಮಾಡ್ಯೂಲ್‌ಗೇ ಹೋಗಿದ್ದರೆ ಈ ದಾರಿ ಬಿಟ್ಟುಬಿಡಿ. ಬಳ್ಳಾರಿಯಲ್ಲಿ ನನ್ನ ಗಾಡಿಗೆ ಕೈ ಹಾಕುವ ಮೊದಲು ಆಟೋ ಎಲೆಕ್ಟ್ರಿಷಿಯನ್ ಅಂದಿದ್ದು ಇಷ್ಟೇ: 'ತಡೀರಿ ಅಣ್ಣಾ, ಮೊದ್ಲು ಮೀಟರ್ ಹಚ್ಚಿ ನೋಡ್ತೀನಿ, ಆಮ್ಯಾಲೆ ವೈರ್ ಕತ್ತರಿಸೋಣ.' ಹಾಗೆ ಹೇಳುವವರ ಕೈಗೆ ಗಾಡಿ ಕೊಡಿ. ಗಾಡಿ ವಾರಂಟಿಯಲ್ಲಿದ್ದರೆ ಮೂಲ ವೈರ್ ಕತ್ತರಿಸಲೇಬೇಡಿ, ದಾರದಲ್ಲೇ ಕಾಲ ಹಾಕಿ.

ಸ್ವಿಚ್ ಒತ್ತಿ ಬಿಡುವಂಥದ್ದೇ ಇರಬೇಕು. ಲೈಟಿನ ಸ್ವಿಚ್ ತರ ಆನ್ ಆಗಿ ನಿಲ್ಲುವುದು ಹಾಕಿದರೆ ಮೋಟರ್ ಸುಡಬಹುದು. ಒತ್ತಿದಾಗ ಕ್ಷಣಕಾಲ ಮಾತ್ರ ಕರೆಂಟು ಎಳೆಯುತ್ತದೆ, ಅದರಿಂದ ಬ್ಯಾಟರಿ ಕೂರುವುದಿಲ್ಲ.

ರಿಲೇ ಹಾಕಿಸಿದರೆ ಇಗ್ನಿಷನ್ ಆನ್ ಇದ್ದಾಗ ಸ್ವಿಚ್ ಸತ್ತಿರುವಂತೆ ಮಾಡಿಸಿ. ಇದಕ್ಕೆ ಇನ್ನೊಂದು ರಿಲೇ ಸಾಕು. ಮಗುವಿನ ಕಾಲು ತಗಲಿ ಹೆದ್ದಾರಿಯಲ್ಲಿ ಬಾಗಿಲು ಎದ್ದರೆ ಸಾಮಾನು ಬೀಳುತ್ತದೆ, ಮಗುವೂ ಬೀಳಬಹುದು. ಅದಕ್ಕಿಂತ ಕಣ್ಣಿಗೆ ಕಾಣದ ಅಪಾಯ ಹೊಗೆ. ಹಿಂಬಾಗಿಲು ತೆರೆದು ಗಾಡಿ ಓಡಿಸಿದರೆ ಸೈಲೆನ್ಸರ್ ಹೊಗೆ ಒಳಗೆ ಎಳೆದುಕೊಳ್ಳುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ನಿಂತ ಗಾಡಿಯಲ್ಲೂ ಅಷ್ಟೇ, ಎಸಿಗೋಸ್ಕರ ಇಂಜಿನ್ ಆನ್ ಇಟ್ಟು ಮಲಗಲೇಬೇಡಿ.

ನಮ್ಮ ಕಡೆಯ ಬಿಸಿಲಿಗೆ ತಕ್ಕ ಎರಡು ಮಾತು. ರಾಯಚೂರು, ಬಳ್ಳಾರಿ ಬೇಸಿಗೆ 40 ಡಿಗ್ರಿ ದಾಟುತ್ತದೆ, ಮುಚ್ಚಿದ ಗಾಡಿಯೊಳಗೆ ಇನ್ನೂ ಜಾಸ್ತಿ. ವೈರಿಗೆ ಸುತ್ತಿದ ಟೇಪಿನ ಅಂಟು ಕರಗಿ, ಬಿಚ್ಚಿಕೊಂಡು, ತಾಮ್ರ ಹೊರಗೆ ಬರುತ್ತದೆ. ಬೆಸುಗೆ ಹಾಕಿಸಿ, ಬಿಸಿ ಮಾಡಿದರೆ ಬಿಗಿಯಾಗುವ ಸ್ಲೀವ್ ಹಾಕಿಸಿ. ಛಾವಣಿಯಿಂದ ಬಾಗಿಲಿಗೆ ವೈರ್ ಹಾದುಹೋಗುವ ರಬ್ಬರ್ ಪೈಪಿನ ಒಳಗಿಂದಲೇ ಹೊಸ ವೈರ್ ತರಬೇಕು, ಬಾಗಿಲು ಎತ್ತಿ ಇಳಿಸಿ ಮಾಡುವಾಗ ವೈರ್ ಮುರಿಯೋದು ಆ ಜಾಗದಲ್ಲೇ, ಸ್ವಲ್ಪ ಸಡಿಲ ಬಿಡಿಸಿ. ಪ್ಯಾನಲ್ ಹಿಂದೆ ಹಳದಿ ಕನೆಕ್ಟರ್ ಕಂಡರೆ ಮುಟ್ಟಬೇಡಿ, ಅದು ಏರ್‌ಬ್ಯಾಗಿನದು. ಸಂಡೂರು, ತೋರಣಗಲ್ಲು ಕಡೆ ಓಡಾಡುವ ಗಾಡಿಯಾದರೆ ಲಾಕ್ ಬಿಚ್ಚಿದಾಗ ಒಳಗೆ ನೋಡಿ. ಅದಿರಿನ ಕೆಂಪು ಧೂಳು ಹಳೆ ಗ್ರೀಸಿಗೆ ಕೂಡಿ ಕುಂಕುಮದ ಮುದ್ದೆ ತರ ಗಟ್ಟಿಯಾಗಿರುತ್ತದೆ. ಅದನ್ನು ತೊಳೆಸದೆ ಯಾವ ಸ್ವಿಚ್ ಹಾಕಿಸಿದರೂ ಕೊಂಡಿ ಬಿಡುವುದಿಲ್ಲ.

ಅಮೆರಿಕದಲ್ಲಿ 2001ರ ಸೆಪ್ಟೆಂಬರ್ 1ರಿಂದ ಹಿಂದೆ ಪ್ರತ್ಯೇಕ ಡಿಕ್ಕಿ ಇರುವ ಹೊಸ ಕಾರುಗಳಿಗೆ ಒಳಗಿನಿಂದ ಬಿಡಿಸುವ ಹಿಡಿ ಕಡ್ಡಾಯ ಮಾಡಿದರು. ಕತ್ತಲಲ್ಲಿ ಹೊಳೆಯುವ ಹಿಡಿಗಳು ಅಲ್ಲಿ ಸಾಮಾನ್ಯ. ನಿಮ್ಮ ದಾರದ ತುದಿಗೂ ಕತ್ತಲಲ್ಲಿ ಹೊಳೆಯುವ ಟೇಪ್ ಸುತ್ತಿ.

ಬಾಗಿಲು ತಾನಾಗಿ ಪೂರ್ತಿ ಮೇಲೇಳುತ್ತದೆ ಅಂದುಕೊಳ್ಳಬೇಡಿ. ಕೊಂಡಿ ಬಿಟ್ಟಾಗ ಒಂದೆರಡು ಬೆರಳು ಸರಿಯುತ್ತದೆ, ಆಮೇಲೆ ಕಾಲಿನಿಂದ ತಳ್ಳಬೇಕು. ಒಳಗಿನಿಂದ ಎಳೆದು ಮುಚ್ಚೋಕೆ ಒಂದು ಬೆಲ್ಟ್ ಪಟ್ಟಿಯೂ ಬೇಕು.

ಎಲ್ಲ ಮುಗಿದ ಮೇಲೆ ಹಗಲಲ್ಲೇ ಒಮ್ಮೆ ಒಳಗೆ ಮಲಗಿ, ಹೊರಗೆ ಒಬ್ಬರನ್ನು ನಿಲ್ಲಿಸಿ, ಗಾಡಿ ಲಾಕ್ ಮಾಡಿಸಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿಸಿ, ಕಣ್ಣು ಮುಚ್ಚಿ ದಾರ ಹುಡುಕಿ ಎಳೆಯಿರಿ. ನಂತರ ಮಕ್ಕಳ ಕೈಯಲ್ಲಿ ಎಳೆಸಿ. ನನ್ನ ಮಗಳಿಗೆ ಮೊದಲ ಸಲ ಬಲ ಸಾಲಲಿಲ್ಲ. ಹಿಡಿ ದೊಡ್ಡದು ಮಾಡಿಸಿ, ವೈರಿಗೆ ಎರಡು ಹನಿ ಎಣ್ಣೆ ಬಿಟ್ಟ ಮೇಲೆ ಎರಡೂ ಕೈಯಲ್ಲಿ ಹಿಡಿದು ಎಳೆದಳು, 'ಟಕ್' ಅಂತು.