ಪರದೆಯ ಮೇಲಿನ ಚೆಸ್: ಬೋರ್ಡ್ ಸರಿಹೋಯ್ತು, ಕಥೆ?

ಸಿನಿಮಾದಲ್ಲಿ ಯಾರಾದರೂ ಚೆಸ್ ಆಡಲು ಕೂತರೆ, ಆಟ ಗೊತ್ತಿರುವವರು ಮೊದಲು ನೋಡುವುದು ಬೋರ್ಡಿನ ಮೂಲೆ. ಆಟಗಾರನ ಬಲಗೈ ಕಡೆಯ ಮೂಲೆಮನೆ ಬಿಳಿ ಇರಬೇಕು. ಮಕ್ಕಳಿಗೂ ಮೊದಲ ದಿನವೇ ಹೇಳಿಕೊಡುವ ಪಾಠ ಇದು. ಆದರೂ ಎಷ್ಟೋ ಸಿನಿಮಾಗಳಲ್ಲಿ ಅಲ್ಲಿ ಕಪ್ಪು ಮನೆ ಇರುತ್ತದೆ.

ಆಮೇಲೆ ಇನ್ನೊಂದು ಮಾಮೂಲಿ ದೃಶ್ಯ. ಹೀರೋ ಕುದುರೆ ಎತ್ತಿ ಟಪ್ ಅಂತ ಇಟ್ಟು ‘ಚೆಕ್‌ಮೇಟ್’ ಅನ್ನುತ್ತಾನೆ. ಎದುರಿಗಿದ್ದ ಮಹಾ ಬುದ್ಧಿವಂತ ಬೆಚ್ಚಿಬೀಳುತ್ತಾನೆ. ದೊಡ್ಡ ಟೂರ್ನಿಗಳಲ್ಲಿ ಹೀಗಾಗುವುದು ತೀರಾ ಅಪರೂಪ. ಮೇಟ್ ಬರುವುದು ಗ್ರ್ಯಾಂಡ್‌ಮಾಸ್ಟರ್‌ಗೆ ಎಷ್ಟೋ ನಡೆ ಮೊದಲೇ ಕಾಣುತ್ತದೆ. ಸೋಲೊಪ್ಪಿ, ಗಡಿಯಾರ ನಿಲ್ಲಿಸಿ, ಕೈ ಕುಲುಕಿ, ಎದ್ದು ಹೋಗುತ್ತಾರೆ. ಜಾಸ್ತಿ ಆಟಗಳಂತೂ ಡ್ರಾ ಆಗುತ್ತವೆ. ಡ್ರಾ ನೋಡೋಕೆ ಟಿಕೆಟ್ ಯಾರು ತಗೋತಾರೆ, ಅಲ್ವಾ?

ಶುರುವಾಗಿದ್ದು ಮಾತ್ರ ಚೆನ್ನಾಗಿಯೇ. 1925ರಲ್ಲಿ ಮಾಸ್ಕೋದಲ್ಲಿ ದೊಡ್ಡ ಅಂತರರಾಷ್ಟ್ರೀಯ ಟೂರ್ನಿ ನಡೆಯಿತು. ಆ ಸಂಭ್ರಮದಲ್ಲೇ ಪುಡೋವ್ಕಿನ್ ಮತ್ತು ಶ್ಪಿಕೋವ್ಸ್ಕಿ ‘ಚೆಸ್ ಫೀವರ್’ ಎಂಬ ಪುಟ್ಟ ಮೂಕಿ ಹಾಸ್ಯಚಿತ್ರ ತೆಗೆದರು. ಆಟದ ಹುಚ್ಚಿನಲ್ಲಿ ತನ್ನ ಮದುವೆಯನ್ನೇ ಮರೆಯುವ ಹುಡುಗನ ಕಥೆ. ಅವನ ಟೋಪಿ, ಕಾಲುಚೀಲ, ಕರವಸ್ತ್ರ ಎಲ್ಲವೂ ಚೌಕಳಿ. ಟೂರ್ನಿಗೆ ಬಂದಿದ್ದ ನಿಜವಾದ ಆಟಗಾರರೇ ಪರದೆ ಮೇಲಿದ್ದಾರೆ. ಆಗಿನ ವಿಶ್ವ ಚಾಂಪಿಯನ್, ಕ್ಯೂಬಾದ ಕಪಾಬ್ಲಾಂಕಾ ಸುಮ್ನೆ ಮುಖ ತೋರಿಸಿ ಹೋಗಲಿಲ್ಲ, ಪಾತ್ರವನ್ನೇ ಮಾಡಿದರು. ಮುನಿದ ಹುಡುಗಿಯನ್ನು ಆಟದ ಕಡೆಗೆ ಒಲಿಸುವುದು ಅವರೇ. (ಅಂದಹಾಗೆ ಆ ಟೂರ್ನಿ ಗೆದ್ದವರು ಬೊಗೊಲ್ಯುಬೋವ್. ಕಪಾಬ್ಲಾಂಕಾಗೆ ಮೂರನೇ ಸ್ಥಾನ.)

ಹಾಲಿವುಡ್ ಹಿಡಿದ ದಾರಿ ಬೇರೆ: ಹಳೆಯ ಆಟಗಳ ಸಾಲ. 1963ರ ಜೇಮ್ಸ್ ಬಾಂಡ್ ಚಿತ್ರ ‘ಫ್ರಮ್ ರಷ್ಯಾ ವಿತ್ ಲವ್’ನಲ್ಲಿ ವೆನಿಸ್‌ನ ಒಂದು ಪಂದ್ಯ ಬರುತ್ತದೆ. ಖಳ ಕ್ರಾನ್‌ಸ್ಟೀನ್ ನೀರಿನ ಲೋಟ ಎತ್ತಿದರೆ ಕೆಳಗೆ ರಹಸ್ಯ ಚೀಟಿ: ಕೂಡಲೇ ಹೊರಟು ಬಾ. ಅವನು ಎರಡು ನಡೆಯಲ್ಲಿ ಎದುರಾಳಿಯನ್ನು ಸೋಲಿಸಿ ಎದ್ದು ಹೋಗುತ್ತಾನೆ. ಆ ಬೋರ್ಡಿನ ಮೇಲಿರುವುದು 1960ರಲ್ಲಿ ಲೆನಿನ್‌ಗ್ರಾಡ್‌ನಲ್ಲಿ ಸ್ಪಾಸ್ಕಿ ಬ್ರಾನ್‌ಸ್ಟೀನ್‌ರನ್ನು ಸೋಲಿಸಿದ ಪ್ರಸಿದ್ಧ ಆಟ. ಆದರೆ ನಡುವಿನ ಎರಡು ಬಿಳಿ ಪದಾತಿಗಳನ್ನು ಯಾರೋ ತೆಗೆದಿದ್ದಾರೆ. ಎದುರಾಳಿ ಮೇಟ್ ಆಗುವವರೆಗೆ ಕಾಯದೆ ಸೋಲೊಪ್ಪಿಕೊಳ್ಳುತ್ತಾನೆ. ಆ ಮಟ್ಟಿಗೆ ಈ ದೃಶ್ಯ ಆಮೇಲೆ ಬಂದ ಎಷ್ಟೋ ಚಿತ್ರಗಳಿಗಿಂತ ವಾಸಿ.

1968ರ ‘2001: ಎ ಸ್ಪೇಸ್ ಒಡಿಸ್ಸಿ’ಯ ಆಟವೂ ಸಾಲದ್ದೇ. 1910ರಲ್ಲಿ ಹ್ಯಾಂಬರ್ಗ್‌ನಲ್ಲಿ ರೋಶ್ ಮತ್ತು ಶ್ಲಾಗೆ ಆಡಿದ್ದು. ನಿರ್ದೇಶಕ ಕ್ಯೂಬ್ರಿಕ್ ಸ್ವತಃ ಒಳ್ಳೆ ಆಟಗಾರ. ಯುವಕನಾಗಿದ್ದಾಗ ನ್ಯೂಯಾರ್ಕಿನ ವಾಷಿಂಗ್ಟನ್ ಸ್ಕ್ವೇರ್ ಪಾರ್ಕಿನಲ್ಲಿ ಪಣ ಇಟ್ಟು ಆಡುತ್ತಿದ್ದವರು. ಹಾಗಿದ್ದೂ ಅಲ್ಲೊಂದು ವಿಚಿತ್ರ ಇದೆ. ಗಗನಯಾತ್ರಿ ಫ್ರ್ಯಾಂಕ್‌ಗೆ ಹ್ಯಾಲ್ ಎಂಬ ಕಂಪ್ಯೂಟರ್ ಮುಂದಿನ ನಡೆಗಳನ್ನು ಓದಿ ಹೇಳುತ್ತದೆ: ಮಂತ್ರಿ ಒಂಟೆಯ ಸಾಲಿನ ಮೂರನೇ ಮನೆಗೆ, ಒಂಟೆ ಮಂತ್ರಿಯನ್ನು ಹೊಡೆಯುತ್ತದೆ, ಕುದುರೆ ಒಂಟೆಯನ್ನು ಹೊಡೆಯುತ್ತದೆ, ಮೇಟ್. ಆಗಿನ ಇಂಗ್ಲಿಷ್ ಬರಹದ ಪದ್ಧತಿಯಲ್ಲಿ ಪ್ರತಿಯೊಬ್ಬರೂ ತಮ್ಮ ಕಡೆಯಿಂದ ಮನೆ ಎಣಿಸಬೇಕಿತ್ತು. ಹ್ಯಾಲ್ ಆಡುತ್ತಿರುವುದು ಕಪ್ಪು ಕಾಯಿ. ಅದರ ಕಡೆಯಿಂದ ಎಣಿಸಿದರೆ ಅದು ಮೂರನೇ ಮನೆಯಲ್ಲ, ಆರನೇದು. ಅದೂ ಅಲ್ಲದೆ ಫ್ರ್ಯಾಂಕ್ ಮಂತ್ರಿಯನ್ನು ಹೊಡೆಯಲೇಬೇಕು ಅಂತೇನಿಲ್ಲ, ಸೋಲನ್ನು ಸ್ವಲ್ಪ ಮುಂದೂಡಬಹುದಿತ್ತು. ಪಾಪ, ಅವನು ಯಂತ್ರದ ಮಾತು ನಂಬಿ ಆಟ ಬಿಟ್ಟುಕೊಡುತ್ತಾನೆ. ಹ್ಯಾಲ್ ಕೆಡುತ್ತಿರುವುದಕ್ಕೆ ಇದು ಮೊದಲ ಸುಳಿವು ಅನ್ನುವವರಿದ್ದಾರೆ. ಬರೀ ಕಣ್ತಪ್ಪು ಅನ್ನುವವರೂ ಇದ್ದಾರೆ. ಕ್ಯೂಬ್ರಿಕ್‌ರಂಥ ಆಟಗಾರ ಕಣ್ತಪ್ಪಿನಿಂದ ಹೀಗೆ ಮಾಡಿದರು ಅಂದರೆ ನನಗಂತೂ ನಂಬಿಕೆ ಬರುವುದಿಲ್ಲ.

1982ರ ‘ಬ್ಲೇಡ್ ರನ್ನರ್’ 1851ರ ‘ಇಮ್ಮಾರ್ಟಲ್ ಗೇಮ್’ ಎಂಬ ಪ್ರಸಿದ್ಧ ಆಟದ ಕೊನೆಯ ನಡೆಗಳನ್ನು ಎತ್ತಿಕೊಂಡಿತು. ಬಾಯಲ್ಲಿ ಹೇಳುವ ನಡೆ ಸರಿ. ಆದರೆ ಆಡುವ ಇಬ್ಬರ ಮನೆಯಲ್ಲಿರುವ ಬೋರ್ಡುಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ!

ಈ ನಡುವೆ, ಟೂರ್ನಿ, ಗಡಿಯಾರ, ಮೇಧಾವಿ ಯಾರೂ ಇಲ್ಲದ ಒಂದು ಸಿನಿಮಾ ನಮ್ಮ ದೇಶದಲ್ಲೇ ಬಂತು. ಪ್ರೇಮಚಂದರ ಕಥೆಯನ್ನು ಆಧರಿಸಿ ಸತ್ಯಜಿತ್ ರೇ 1977ರಲ್ಲಿ ತೆಗೆದ ‘ಶತ್ರಂಜ್ ಕೇ ಖಿಲಾಡಿ’. 1856ರ ಲಖನೌ. ಬ್ರಿಟಿಷರು ಅವಧ್ ಸಂಸ್ಥಾನವನ್ನು ನುಂಗಲು ಬಂದಿದ್ದಾರೆ. ಸಂಜೀವ್ ಕುಮಾರ್ ಮತ್ತು ಸಯೀದ್ ಜಾಫ್ರಿ ಮಾಡಿದ ಇಬ್ಬರು ಜಾಗೀರ್‌ದಾರರು ಮಾತ್ರ ಬೋರ್ಡು ಬಿಟ್ಟು ಏಳುವುದಿಲ್ಲ. ಒಬ್ಬನ ಹೆಂಡತಿ ಬೇಸತ್ತು ಕಾಯಿಗಳನ್ನು ಬಚ್ಚಿಡುತ್ತಾಳೆ. ಇವರು ಮನೆಯ ತರಕಾರಿಗಳನ್ನೇ ಸಾಲಾಗಿಟ್ಟು ಆಟ ಮುಂದುವರಿಸುತ್ತಾರೆ. ಯಾರಾದರೂ ಚೆಸ್ ಹುಚ್ಚಿನವರ ಜೊತೆ ಸಂಸಾರ ಮಾಡಿದ್ದರೆ ಆ ದೃಶ್ಯಕ್ಕೆ ನಗು ಬರುವುದೋ ಅಳು ಬರುವುದೋ ಹೇಳುವುದು ಕಷ್ಟ.

ನಿಯಮಗಳ ವಿಷಯದಲ್ಲೂ ರೇ ಹುಷಾರು. ಇಂಗ್ಲಿಷರ ಆಟದಲ್ಲಿ ಪದಾತಿ ಮೊದಲ ಸಲ ಎರಡು ಮನೆ ಹೋಗಬಹುದು, ಮಂತ್ರಿಯ ಜಾಗದಲ್ಲಿ ರಾಣಿ ಇರುತ್ತಾಳೆ, ಆಟ ಬೇಗ ಮುಗಿಯುತ್ತದೆ ಎಂದು ಒಬ್ಬ ಮುನ್ಷಿ ಬಂದು ವಿವರಿಸುತ್ತಾನೆ. ಕೊನೆಯಲ್ಲಿ ಸಂಸ್ಥಾನ ಕೈಬಿಟ್ಟು ಹೋಗುವಾಗ ಇವರಿಬ್ಬರೂ ಅದೇ ಇಂಗ್ಲಿಷ್ ಪದ್ಧತಿಯಲ್ಲಿ ಆಡಲು ಕೂರುತ್ತಾರೆ. ಒಂದು ನಿಯಮದ ವ್ಯತ್ಯಾಸವೇ ಕಥೆಯಾಗುವುದು ಬೇರೆ ಯಾವ ಚೆಸ್ ಸಿನಿಮಾದಲ್ಲೂ ನನಗೆ ಕಂಡಿಲ್ಲ.

ತಜ್ಞರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವ ಅಭ್ಯಾಸ ಗಟ್ಟಿಯಾಗಿದ್ದು 1990ರ ದಶಕದಿಂದೀಚೆಗೆ. 1993ರ ‘ಸರ್ಚಿಂಗ್ ಫಾರ್ ಬಾಬಿ ಫಿಷರ್’ ಜಾಶ್ ವೇಟ್ಸ್‌ಕಿನ್ ಎಂಬ ಬಾಲಕನ ನಿಜಕಥೆ. ಅದಕ್ಕೆ ಬೆನ್ನೆಲುಬಾಗಿ ನಿಂತವರು ಅವನ ಗುರು ಬ್ರೂಸ್ ಪ್ಯಾಂಡೊಲ್ಫಿನಿ. 2001ರ ಮೊದಲ ಹ್ಯಾರಿ ಪಾಟರ್ ಚಿತ್ರದ ದೈತ್ಯ ಕಾಯಿಗಳ ಆಟವನ್ನೂ ಜೆರೆಮಿ ಸಿಲ್ಮನ್ ಎಂಬ ಮಾಸ್ಟರ್ ಹೆಣೆದರು. ಬೋರ್ಡು ಸರಿಹೋಯ್ತು. ಆದರೆ ಜಾಶ್‌ನ ಚಿತ್ರದಲ್ಲಿ ಕೊನೆಯ ಆಟ ಗೆಲುವಿನಲ್ಲಿ ಮುಗಿಯುತ್ತದೆ. ನಿಜದಲ್ಲಿ ಆ ಆಟ ಡ್ರಾ ಆಗಿತ್ತು.

ನಿಜದ ಆಟದಲ್ಲಿ ನಾಟಕ ಇಲ್ಲ ಅಂತಲ್ಲ. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ವಿಶ್ವ ಚಾಂಪಿಯನ್‌ಶಿಪ್‌ನ 14ನೇ, ಕೊನೆಯ ಆಟ. 55ನೇ ನಡೆಯಲ್ಲಿ ಆಗಿನ ಚಾಂಪಿಯನ್, ಚೀನಾದ ಡಿಂಗ್ ಲಿರೆನ್ ಆನೆಯನ್ನು ತಪ್ಪು ಮನೆಗೆ ಇಟ್ಟರು. ನಮ್ಮ ಗುಕೇಶ್ ಆನೆಗೆ ಆನೆ, ಒಂಟೆಗೆ ಒಂಟೆ ಹೊಡೆದಾಡಿಸಿದರು. ಉಳಿದಿದ್ದು ರಾಜ ಮತ್ತು ಪದಾತಿಗಳು. 58ನೇ ನಡೆಯ ಹೊತ್ತಿಗೆ ಡಿಂಗ್ ಕೈಚೆಲ್ಲಿದರು. ಮೇಟ್ ಇಲ್ಲ, ಮಂತ್ರಿಯ ಬಲಿದಾನ ಇಲ್ಲ. ಗುಕೇಶ್ ಅತ್ತರು, ಕಣ್ಣೊರೆಸಿಕೊಂಡು ಕಾಯಿಗಳನ್ನು ಮತ್ತೆ ಅವುಗಳ ಮನೆಯಲ್ಲಿ ಜೋಡಿಸಿಟ್ಟರು. ಈ ಒಣ ಒಣ ಅಂತ್ಯದಲ್ಲಿ ರೋಮಾಂಚನ ಎಲ್ಲಿದೆ ಅಂತ ಸಿನಿಮಾ ಪ್ರೇಕ್ಷಕರಿಗೆ ತೋರಿಸುವುದು ಹೇಗೆ? ಅದಕ್ಕೇ ಎಲ್ಲರೂ ಮೇಟ್‌ಗೆ ಮೊರೆ ಹೋಗುತ್ತಾರೆ.

2020ರಲ್ಲಿ ಬಂದ ನೆಟ್‌ಫ್ಲಿಕ್ಸ್ ಸರಣಿ ‘ದಿ ಕ್ವೀನ್ಸ್ ಗ್ಯಾಂಬಿಟ್’ ಬೋರ್ಡಿನ ಮಟ್ಟಿಗೆ ಎಲ್ಲರಿಗಿಂತ ಮುಂದೆ ಹೋಯಿತು. ಸಲಹೆಗೆ ಅದೇ ಪ್ಯಾಂಡೊಲ್ಫಿನಿ, ಜೊತೆಗೆ ಮಾಜಿ ವಿಶ್ವ ಚಾಂಪಿಯನ್ ಗ್ಯಾರಿ ಕಾಸ್ಪರೋವ್. ನಾಯಕಿ ಬೆತ್ ಕೊನೆಗೆ ಆಡುವುದು 1993ರಲ್ಲಿ ಸ್ವಿಟ್ಜರ್‌ಲೆಂಡಿನ ಬೀಲ್‌ನಲ್ಲಿ ಇವಾನ್‌ಚುಕ್ ಮತ್ತು ವೋಲ್ಫ್ ಆಡಿದ ಆಟ. ನಿಜದಲ್ಲಿ ಡ್ರಾ ಆಗಿದ್ದ ಅದಕ್ಕೆ ಕಾಸ್ಪರೋವ್ ಗೆಲುವಿನ ದಾರಿ ಹುಡುಕಿಕೊಟ್ಟರು. ಕಾಯಿ ಹಿಡಿಯುವ ರೀತಿಯನ್ನೂ ನಟರಿಗೆ ಕಲಿಸಿದರು.

ಎಡವಿದ್ದು ಬೋರ್ಡಿನಾಚೆ. ಕೊನೆಯ ಕಂತಿನಲ್ಲಿ ವೀಕ್ಷಕ ವಿವರಣೆಗಾರನೊಬ್ಬ ನೋನಾ ಗಪ್ರಿಂದಾಶ್ವಿಲಿ ಹೆಸರೆತ್ತಿ, ಆಕೆ ಮಹಿಳಾ ವಿಶ್ವ ಚಾಂಪಿಯನ್ನೇ, ಆದರೆ ಗಂಡಸರ ಎದುರು ಆಡಿಯೇ ಇಲ್ಲ ಅನ್ನುತ್ತಾನೆ. ನೋನಾ ಜಾರ್ಜಿಯಾದವರು. 1962ರಿಂದ 1978ರವರೆಗೆ ಮಹಿಳಾ ಚಾಂಪಿಯನ್. ಕಥೆ ನಡೆಯುವ 1968ರ ಹೊತ್ತಿಗೇ ಹತ್ತಾರು ಗಂಡಸರ ಎದುರು ಆಡಿದ್ದರು. 1977ರಲ್ಲಿ ಅಮೆರಿಕದ ಲೋನ್ ಪೈನ್ ಟೂರ್ನಿಯಲ್ಲಿ ಗಂಡಸರ ನಡುವೆಯೇ ಮೊದಲ ಸ್ಥಾನ ಹಂಚಿಕೊಂಡರು. ಮರುವರ್ಷ ಗ್ರ್ಯಾಂಡ್‌ಮಾಸ್ಟರ್ ಬಿರುದು ಪಡೆದ ಮೊದಲ ಮಹಿಳೆಯಾದರು.

2021ರಲ್ಲಿ, ಎಂಬತ್ತರ ವಯಸ್ಸಿನಲ್ಲಿ, ಅವರು 50 ಲಕ್ಷ ಡಾಲರ್ ಪರಿಹಾರ ಕೇಳಿ ಅಮೆರಿಕದ ಕೋರ್ಟಿಗೆ ಹೋದರು. ಇದು ಕಲ್ಪಿತ ಕಥೆ ಎಂದು ನೆಟ್‌ಫ್ಲಿಕ್ಸ್ ವಾದಿಸಿತು. ಕಲ್ಪಿತ ಕಥೆಯಾದರೂ ಬದುಕಿರುವವರ ಬಗ್ಗೆ ಸುಳ್ಳು ಹೇಳಿದರೆ ಹೊಣೆ ತಪ್ಪುವುದಿಲ್ಲ ಎಂದ ನ್ಯಾಯಾಧೀಶರು ಮೊಕದ್ದಮೆಯನ್ನು ವಜಾ ಮಾಡಲಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ರಾಜಿಯಾಯಿತು. ಷರತ್ತುಗಳು ಹೊರಬರಲಿಲ್ಲ.

ಸೋಜಿಗ ಏನಂದರೆ, ಸರಣಿಗೆ ಆಧಾರವಾದ ವಾಲ್ಟರ್ ಟೆವಿಸ್ ಅವರ 1983ರ ಕಾದಂಬರಿಯಲ್ಲಿ ಈ ಸಂಗತಿ ಸರಿಯಾಗಿಯೇ ಇತ್ತು. ರಷ್ಯದ ಗ್ರ್ಯಾಂಡ್‌ಮಾಸ್ಟರ್‌ಗಳ ಎದುರು ನೋನಾ ಎಷ್ಟೋ ಸಲ ಆಡಿದ್ದಾರೆ ಅಂತ ಅಲ್ಲಿದೆ. ಗಂಡಸರನ್ನು ಸೋಲಿಸುವ ಬೆತ್‌ಳ ಸಾಹಸ ಇನ್ನಷ್ಟು ದೊಡ್ಡದಾಗಿ ಕಾಣಲಿ ಎಂದೇ ಸರಣಿಯವರು ಆ ಸಾಲನ್ನು ತಿರುವಿದರು ಎಂಬುದು ನೋನಾ ಅವರ ದೂರಾಗಿತ್ತು.