ಅನ್ನ ಕಡಿಮೆ ಮಾಡುವ ಮೊದಲು ಮಾತ್ರೆ ನೋಡಿ

"ಅನ್ನ ಪೂರ್ತಿ ಬಿಟ್ಟಿದೀನಿ ಡಾಕ್ಟ್ರೇ, ಬರೀ ಮುದ್ದೆ ಉಣ್ತೀನಿ. ಆದ್ರೂ ಶುಗರ್ ಒಂದ್ ಕಡೆ ನಿಲ್ತಿಲ್ಲ."

ಮಂಡ್ಯ ಕಡೆಯ ಟೈಲರ್ ಒಬ್ಬರು ಹೀಗೆಂದು ಒಂದು ನೋಟ್‌ಬುಕ್ ಮುಂದಿಟ್ಟರು. ವಯಸ್ಸು 50 ದಾಟಿದೆ. ಒಂದು ದಿನದ ಲೆಕ್ಕ ಹೀಗಿತ್ತು: ಖಾಲಿ ಹೊಟ್ಟೆಗೆ 118, ತಿಂಡಿಯಾದ 2 ಗಂಟೆಗೆ 284, ಮಧ್ಯಾಹ್ನ 3ಕ್ಕೆ 61, ಸಂಜೆ 256. ಆ 61ರ ಪಕ್ಕದಲ್ಲಿ "ಕೈ ನಡುಕ, ಸೂಜಿಗೆ ದಾರ ಹಾಕಕ್ಕಾಗಲಿಲ್ಲ" ಎಂದು ಬರೆದಿದ್ದರು.

ಅವರ ಎಚ್‌ಬಿಎ1ಸಿ 7.4. ನೋಡಿದರೆ ಪರವಾಗಿಲ್ಲ ಅನ್ನಿಸುತ್ತದೆ. ಆದರೆ ಅದು ರಕ್ತದ ಶುಗರ್‌ನ ಸುಮಾರು 3 ತಿಂಗಳ ಸರಾಸರಿ. 284 ಮತ್ತು 61 ಸೇರಿದರೂ ಸರಾಸರಿ ಚೆನ್ನಾಗಿಯೇ ಬರುತ್ತದೆ, ಅಲ್ವಾ? ಏರಿಳಿತ ಗೊತ್ತಾಗಬೇಕಾದರೆ ಊಟದ ಮುಂಚೆ ಒಮ್ಮೆ, ಊಟ ಶುರು ಮಾಡಿದ 2 ಗಂಟೆಗೆ ಒಮ್ಮೆ ಚುಚ್ಚಿ ನೋಡಲೇಬೇಕು. ನನಗೆ ಲ್ಯಾಬ್ ರಿಪೋರ್ಟ್‌ಗಿಂತ ಅವರ ಆ ನೋಟ್‌ಬುಕ್ಕೇ ಜಾಸ್ತಿ ಕೆಲಸಕ್ಕೆ ಬಂತು.

ಒಂದು ಮುದ್ದೆಗೆ ಎಷ್ಟು ಹಿಟ್ಟು ಹಾಕುತ್ತೀರಿ, ತೂಗಿ ನೋಡಿಕೊಂಡು ಬನ್ನಿ ಅಂದೆ. ಪಕ್ಕದ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದರಂತೆ, 100 ಗ್ರಾಂ. ಮಧ್ಯಾಹ್ನಕ್ಕೆ 2 ಮುದ್ದೆ. 100 ಗ್ರಾಂ ರಾಗಿಹಿಟ್ಟಿನಲ್ಲಿ ಹತ್ತಿರ ಹತ್ತಿರ 67 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ಸಾಮಾನ್ಯವಾಗಿ ಲೋ ಕಾರ್ಬ್ (ಕಡಿಮೆ ಕಾರ್ಬೋಹೈಡ್ರೇಟ್ ಊಟ) ಅನ್ನುವುದು ಅದು ದಿನಕ್ಕೆ 130 ಗ್ರಾಂಗಿಂತ ಕಡಿಮೆ ಇದ್ದರೆ. ಇವರಿಗೆ ಅದು ಒಂದೇ ಊಟದಲ್ಲಿ ಮುಗಿದುಹೋಗುತ್ತಿತ್ತು. ರಾಗಿ ಒಳ್ಳೆಯದೇ. ನಾರು ಇದೆ, ಕ್ಯಾಲ್ಸಿಯಂ ಇದೆ. ಆದರೆ ನುಣ್ಣಗೆ ಬೀಸಿ ಚೆನ್ನಾಗಿ ಬೇಯಿಸಿದ ಹಿಟ್ಟು ಬೇಗ ಜೀರ್ಣವಾಗುತ್ತದೆ, ಗಂಜಿ ಮಾಡಿ ಕುಡಿದರಂತೂ ಇನ್ನೂ ಬೇಗ. ಅನ್ನ ಬಿಟ್ಟು ಮುದ್ದೆ ಹಿಡಿಯುವುದು ಲೋ ಕಾರ್ಬ್ ಅಲ್ಲ.

ಹಾಗಾದರೆ 61 ಯಾಕೆ ಬಂತು? ಅದು ಮಾತ್ರೆಯಿಂದ. ಅವರು ಬೆಳಿಗ್ಗೆ ಗ್ಲಿಮೆಪಿರೈಡ್ ನುಂಗುತ್ತಿದ್ದರು. ನೀವು ಉಂಡಿರಿ, ಬಿಡಿ, ಆ ಮಾತ್ರೆ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಬಿಡಿಸುತ್ತಲೇ ಇರುತ್ತದೆ. ಗಿರಾಕಿ ಬಂದು ಊಟ ತಡವಾದ ದಿನ ಶುಗರ್ ಕುಸಿಯುತ್ತಿತ್ತು. ಹೆದರಿ ಹಿಡಿ ಸಕ್ಕರೆ ಬಾಯಿಗೆ ಹಾಕಿಕೊಳ್ಳುತ್ತಿದ್ದರು, ಆಮೇಲೆ 2 ಮುದ್ದೆ. ಸಂಜೆಯ 256 ಬಂದದ್ದು ಅಲ್ಲಿಂದ. ಇಂಥವರು ಯಾರದೋ ಮಾತು ಕೇಳಿ ಇದ್ದಕ್ಕಿದ್ದಂತೆ ಮುದ್ದೆ, ಅನ್ನ ಎರಡನ್ನೂ ಬಿಟ್ಟರೆ ಏನಾಗಬಹುದು, ಯೋಚಿಸಿ. ನನಗೆ ನಿಜಕ್ಕೂ ಭಯವಾಗುವುದು ಇಲ್ಲೇ.

ಅದಕ್ಕೇ ತಟ್ಟೆ ಮುಟ್ಟುವ ಮೊದಲು ಅವರ ಮಾತ್ರೆಯನ್ನು ಅರ್ಧಕ್ಕೆ ಇಳಿಸಿದೆ. ಇದನ್ನು ನೀವಾಗಿಯೇ ಮಾಡಬೇಡಿ, ನಿಮ್ಮ ಡಾಕ್ಟರ್ ಹತ್ತಿರ ಕೂತು ಮಾಡಿ. ಇನ್ಸುಲಿನ್ ತಗೊಳ್ಳುವವರಿಗೂ ಇದೇ ಮಾತು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್‌ನಂಥ, ಮೂತ್ರದಲ್ಲಿ ಸಕ್ಕರೆ ಹೊರಹಾಕಿಸುವ ಮಾತ್ರೆ ಇದ್ದರೆ ಅಪಾಯವೇ ಬೇರೆ. ಕಾರ್ಬ್ ತೀರಾ ಇಳಿಸಿದರೆ ಶುಗರ್ ಹೆಚ್ಚಿಲ್ಲದಿದ್ದರೂ ರಕ್ತದಲ್ಲಿ ಕೀಟೋನ್ ಏರಿ ಆಸ್ಪತ್ರೆ ಸೇರಬೇಕಾಗಬಹುದು. ಬರೀ ಮೆಟ್‌ಫಾರ್ಮಿನ್ ತಗೊಳ್ಳುವವರಿಗೆ ಈ ಎರಡೂ ಭಯ ಬಹಳ ಕಡಿಮೆ. ಬಸುರಿಯರು, ಕಿಡ್ನಿ ತೊಂದರೆ ಇರುವವರು, ಟೈಪ್ 1 ಇರುವವರು ಸುಮ್ನೆ ಪ್ರಯೋಗ ಮಾಡಲೇಬಾರದು.

70ಕ್ಕಿಂತ ಕೆಳಗಿಳಿದರೆ 3 ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಹಿಡಿಗಟ್ಟಲೆ ಬೇಡ.

ಇನ್ನು ತಟ್ಟೆ. 2 ಮುದ್ದೆ ಬದಲು ಒಂದು, ಅದೂ ಮುಕ್ಕಾಲು ಗಾತ್ರದ್ದು. ಬಸ್ಸಾರಿಗೆ ಬಸಿದ ಸೊಪ್ಪು, ಕಾಳಿನ ಪಲ್ಯ ಎರಡರಷ್ಟು, ಜೊತೆಗೆ ಮೊಟ್ಟೆ ಅಥವಾ ಮೊಸರು. ಮೊದಲು ಪಲ್ಯ, ಮೊಟ್ಟೆ ತಿಂದು ಕೊನೆಗೆ ಮುದ್ದೆ ಮುರಿಯಿರಿ ಅಂದೆ. ಈ ಕ್ರಮದಲ್ಲಿ ಉಂಡರೆ ಶುಗರ್ ಅಷ್ಟು ಬೇಗ ಏರುವುದಿಲ್ಲ. ತಿಂಡಿಗೆ 4 ಇಡ್ಲಿ ಹೋಗಿ ಹೆಸರುಕಾಳಿನ ದೋಸೆ ಬಂತು. ಊಟದ ಮೇಲೆ 15 ನಿಮಿಷ ನಡಿಗೆ.

ಪೂರ್ತಿ ಬಿಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಕಟ್ಟುನಿಟ್ಟಿನ ಲೋ ಕಾರ್ಬ್‌ನ ಫಲ ಮೊದಲ 6 ತಿಂಗಳು ಚೆನ್ನಾಗಿ ಕಾಣುತ್ತದೆ, ವರ್ಷ ತುಂಬುವಷ್ಟರಲ್ಲಿ ಬಹಳಷ್ಟು ಕರಗಿರುತ್ತದೆ. ಹೆಚ್ಚಿನವರಿಗೆ ಅಷ್ಟು ದಿನ ಹಾಗೆ ಉಣ್ಣಲಾಗುವುದಿಲ್ಲ. 18,090 ಜನರ ಊಟದ ಲೆಕ್ಕ ಇಟ್ಟುಕೊಂಡು ಐಸಿಎಂಆರ್-ಇಂಡಿಯಾಬ್ (ದೇಶದ ಶುಗರ್ ಕಾಯಿಲೆಯ ಸಮೀಕ್ಷೆ) ತಂಡ 2022ರಲ್ಲಿ ಒಂದು ಅಂದಾಜು ಕೊಟ್ಟಿತು. ಹೊಸದಾಗಿ ಶುಗರ್ ಬಂದವರು ಒಟ್ಟು ಕ್ಯಾಲೊರಿಯಲ್ಲಿ ಕಾರ್ಬ್‌ನ ಪಾಲನ್ನು ಶೇ. 49-54ರ ಮಟ್ಟಕ್ಕೆ ಇಳಿಸಿ, ಪ್ರೋಟೀನ್ ಶೇ. 20ರ ಹತ್ತಿರಕ್ಕೆ ಏರಿಸಿದರೆ ಕಾಯಿಲೆ ಹಿಂದೆ ಸರಿಯಬಹುದು ಎಂದು. ಇಷ್ಟಾದರೆ ನಮ್ಮ ಅಡುಗೆಮನೆಯಲ್ಲೇ ಆಗುತ್ತದೆ.

6 ವಾರ ಬಿಟ್ಟು ನೋಟ್‌ಬುಕ್ ಮತ್ತೆ ಬಂತು. ತಿಂಡಿಯಾದ ಮೇಲೆ 160, 172, 168. ಮಧ್ಯಾಹ್ನ 90ಕ್ಕಿಂತ ಕೆಳಗೆ ಇಳಿದೇ ಇಲ್ಲ. ಯುಗಾದಿಗೆ ಒಬ್ಬಟ್ಟು ತಿನ್ನಬಹುದಾ ಅಂತ ಕೇಳಿದರು. ಆ ಹೊತ್ತು ಮುದ್ದೆ, ಅನ್ನ ಬೇಡ, ಪಲ್ಯ, ಕೋಸಂಬರಿ ಆದಮೇಲೆ ಒಂದೇ ಒಂದು ತಿನ್ನಿ, 2 ಗಂಟೆಗೆ ಚುಚ್ಚಿ ನೋಡಿ ಅಂದೆ. ಹಬ್ಬದ ಮರುವಾರ ಫೋನ್ ಮಾಡಿ ಓದಿ ಹೇಳಿದರು: "ಒಬ್ಬಟ್ಟು ಒಂದು, ತುಪ್ಪ ಹಾಕಿ, 188."